ಒರಿಜಿನಲ್ ಎಲ್ಲಿದೆ? ಫಿಲ್ಮ್–ಡಿಜಿಟಲ್ ಜಗಳದಲ್ಲಿ ನಾವು ಕೇಳದೇ ಬಿಟ್ಟ ಪ್ರಶ್ನೆ

ಬೆಂಗಳೂರಿನ ಹೊರವಲಯದ ಕಾರ್ಖಾನೆಯೊಂದರ ಗೇಟಿನ ಮುಂದೆ ಧರಣಿ ನಡೆಯುತ್ತಿದ್ದಾಗ ನನ್ನ ಗೆಳೆಯನೊಬ್ಬ ಅಲ್ಲಿದ್ದ. ತಳ್ಳಾಟದಲ್ಲಿ ಕಾರ್ಮಿಕರೊಬ್ಬರ ಕೈ ಮುರಿಯಿತು. ಇವನ ಫೋನಿನಲ್ಲಿ ಹನ್ನೊಂದು ಫೋಟೋ ಇದ್ದವು. ಅವತ್ತೇ ಸಂಜೆ ವಾಟ್ಸಾಪ್ ಗ್ರೂಪಿಗೆ ಹಾಕಿದ, ನೂರಾರು ಜನ ಹಂಚಿಕೊಂಡರು. ಎರಡು ತಿಂಗಳಾದ ಮೇಲೆ 'ಸ್ಟೋರೇಜ್ ಫುಲ್' ಅಂತ ಫೋನ್ ಗೋಗರೆದಾಗ ಗ್ಯಾಲರಿ ಖಾಲಿ ಮಾಡಿದ. ಪ್ರಕರಣ ವಕೀಲರ ಕೈಗೆ ಹೋದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಫೋಟೋ ಎಲ್ಲರ ಹತ್ತಿರಾನೂ ಇದೆ. ಒರಿಜಿನಲ್ ಎಲ್ಲಿದೆ?"

ಇದನ್ನು ಕೇಳಿದಾಗ ನನಗೆ ನೆನಪಾದದ್ದು ಸಾಗರದಲ್ಲಿರುವ ನನ್ನ ಸೋದರಮಾವನ ಸ್ಟುಡಿಯೋ. ಅಲ್ಲಿ ಮರದ ಕಪಾಟಿನ ತುಂಬ ಕಂದು ಕವರುಗಳು. ಪ್ರತಿ ಕವರಿನ ಮೇಲೆ ನಂಬರ್, ತಾರೀಖು, ಹೆಸರು. ಮೂವತ್ತು ವರ್ಷದ ಹಿಂದೆ ಮದುವೆ ಫೋಟೋ ತೆಗೆಸಿಕೊಂಡವರ ಮನೆಯಿಂದ ಈಗಲೂ ಯಾರಾದರೂ ಬಂದು, "ಅಜ್ಜ ತೀರಿಕೊಂಡರು, ಗೋಡೆಗೆ ಹಾಕೋಕೆ ಒಂದು ದೊಡ್ಡ ಫೋಟೋ ಬೇಕಿತ್ತು" ಅಂತಾರೆ. ಮಾವ ಹಳೇ ರಿಜಿಸ್ಟರ್ ತೆಗೆದು ನಂಬರ್ ಹುಡುಕಿ, ಕವರಿನಿಂದ ನೆಗೆಟಿವ್ ಎಳೆದು ಬೆಳಕಿಗೆ ಹಿಡೀತಾನೆ. ಅಜ್ಜ ಅಲ್ಲೇ ಇರ್ತಾರೆ.

ಈ ಎರಡು ಕತೆ ಕೇಳಿ "ಹಾಗಾದರೆ ಫಿಲ್ಮೇ ಒಳ್ಳೇದು" ಅನ್ನುವವರಿದ್ದಾರೆ. ಎಐ ಚಿತ್ರಗಳು ಹೆಚ್ಚಿದ ಮೇಲಂತೂ 'ಫಿಲ್ಮ್ ಸುಳ್ಳು ಹೇಳಲ್ಲ' ಎಂಬ ಮಾತು ಹೊಸದಾಗಿ ಓಡಾಡುತ್ತಿದೆ. ಅದು ಎಷ್ಟು ನಿಜ? ಎರಡು ತಂತ್ರಜ್ಞಾನಗಳ ಒಳಗೆ ನಡೆಯುವುದೇನು, ಖರ್ಚೆಷ್ಟು, ಉಳಿಯುವುದು ಯಾವುದು, ಕೋರ್ಟು ಏನು ಕೇಳುತ್ತೆ, ಕೊನೆಗೆ ಯಾರು ಯಾವುದನ್ನು ಹಿಡಿಯಬೇಕು, ಒಂದೊಂದಾಗಿ ನೋಡೋಣ.

ಒಳಗೆ ನಡೆಯುವುದೇನು?

ಫಿಲ್ಮ್ ಅಂದರೆ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಬಳಿದ ಜೆಲಟಿನ್ ಲೇಪ, ಆ ಲೇಪದೊಳಗೆ ಹರಡಿದ ಸಿಲ್ವರ್ ಹ್ಯಾಲೈಡ್ ಹರಳುಗಳು. ಶಟರ್ ತೆರೆದಾಗ ಬೆಳಕು ಬಿದ್ದ ಹರಳುಗಳಲ್ಲಿ ಬೆಳ್ಳಿಯ ಕೆಲವೇ ಪರಮಾಣುಗಳು ಒಟ್ಟುಗೂಡುತ್ತವೆ. ಕಣ್ಣಿಗೆ ಏನೂ ಕಾಣಲ್ಲ, ಆದರೆ ಚಿತ್ರ ಆಗಲೇ ಅಲ್ಲಿದೆ. ಡೆವಲಪರ್ ದ್ರಾವಣದಲ್ಲಿ ಅದ್ದಿದಾಗ ಬೆಳಕು ಕಂಡ ಹರಳುಗಳು ಪೂರ್ತಿ ಕಪ್ಪು ಬೆಳ್ಳಿಯಾಗುತ್ತವೆ. ಬೆಳಕು ಕಾಣದವನ್ನು ಹೈಪೋ ಕರಗಿಸಿ ತೆಗೆಯುತ್ತೆ. ಬೆಳಕಿದ್ದ ಕಡೆ ಕಪ್ಪು, ಕತ್ತಲಿದ್ದ ಕಡೆ ಪಾರದರ್ಶಕ, ಹಾಗಾಗಿ ಅದು ನೆಗೆಟಿವ್. ಕಲರ್ ಫಿಲ್ಮಿನಲ್ಲಿ ಒಂದರ ಮೇಲೊಂದು ಪದರಗಳಿದ್ದು, ತೊಳೆಯುವಾಗ ಬಣ್ಣಗಳು ಹುಟ್ಟುತ್ತವೆ, ಬೆಳ್ಳಿಯನ್ನು ತೆಗೆದುಹಾಕಲಾಗುತ್ತೆ. ಅಂದರೆ ಕಪ್ಪುಬಿಳುಪಿನಲ್ಲಿ ಕೊನೆಗೆ ಉಳಿಯುವುದು ಲೋಹ, ಕಲರ್‌ನಲ್ಲಿ ಉಳಿಯುವುದು ಬಣ್ಣ. ಈ ವ್ಯತ್ಯಾಸ ಮುಂದೆ ಬೇಕಾಗುತ್ತೆ, ನೆನಪಿರಲಿ.

ಇನ್ನೊಂದು ಸಂಗತಿ: ಆ ಜೆಲಟಿನ್ ತಯಾರಾಗುವುದು ದನದ ಮೂಳೆ, ಪ್ರಾಣಿಗಳ ಚರ್ಮದಿಂದ. ಮಠ, ದೇವಸ್ಥಾನ, ರಥೋತ್ಸವದ ನಮ್ಮ ಹಳೇ ಫೋಟೋಗಳೆಲ್ಲ ಆ ಲೇಪದ ಮೇಲೆಯೇ ಮೂಡಿದವು.

ಡಿಜಿಟಲ್ ಕ್ಯಾಮೆರಾದಲ್ಲಿ ಫಿಲ್ಮಿನ ಜಾಗದಲ್ಲಿ ಸೆನ್ಸರ್ ಇರುತ್ತೆ. ಲಕ್ಷಾಂತರ, ಈಗ ಕೋಟ್ಯಂತರ, ಪುಟ್ಟ ಬಟ್ಟಲುಗಳು ಅಂದುಕೊಳ್ಳಿ. ಮಳೆಗೆ ಇಟ್ಟ ಬಟ್ಟಲಲ್ಲಿ ನೀರು ತುಂಬುವ ಹಾಗೆ, ಬೆಳಕು ಬಿದ್ದಷ್ಟು ಎಲೆಕ್ಟ್ರಾನುಗಳು ತುಂಬುತ್ತವೆ. ಆಮೇಲೆ ಅವನ್ನು ಅಳೆದು ಅಂಕಿಯಾಗಿ ಬರೆದುಕೊಳ್ಳುವುದು ಸರ್ಕ್ಯೂಟಿನ ಕೆಲಸ.

ಆದರೆ ಆ ಬಟ್ಟಲಿಗೆ ಬಣ್ಣ ಗೊತ್ತಿಲ್ಲ, ಎಷ್ಟು ಬೆಳಕು ಅನ್ನುವುದಷ್ಟೇ ಗೊತ್ತು. ಅದಕ್ಕೇ ಪ್ರತಿ ಬಟ್ಟಲ ಮೇಲೂ ಕೆಂಪು, ಹಸಿರು ಅಥವಾ ನೀಲಿ ಗಾಜಿನಂಥ ಫಿಲ್ಟರ್ ಇಡುತ್ತಾರೆ. ಅರ್ಧ ಹಸಿರು, ಕಾಲು ಕೆಂಪು, ಕಾಲು ನೀಲಿ. ಕೊಡಕ್ ಕಂಪನಿಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಜೋಡಣೆ ಇದು. ಇವತ್ತು ನಿಮ್ಮ ಜೇಬಿನ ಫೋನಿನಲ್ಲಿರುವುದೂ ಬಹುತೇಕ ಇದೇ ತತ್ವ. ಪ್ರತಿ ಬಟ್ಟಲು ಒಂದೇ ಬಣ್ಣ ಅಳೆಯುತ್ತೆ, ಉಳಿದೆರಡನ್ನು ಅಕ್ಕಪಕ್ಕದವನ್ನು ನೋಡಿ ಲೆಕ್ಕ ಹಾಕುತ್ತೆ. ಅಂದರೆ ಬಹುತೇಕ ಡಿಜಿಟಲ್ ಫೋಟೋಗಳ ಬಣ್ಣದ ಮಾಹಿತಿಯಲ್ಲಿ ಮೂರರಲ್ಲಿ ಎರಡು ಪಾಲು ಅಳೆದದ್ದಲ್ಲ, ಊಹಿಸಿದ್ದು. ಬಹಳ ಒಳ್ಳೆಯ ಊಹೆ, ಆದರೂ ಊಹೆ. ಎಂಜಿನಿಯರಿಂಗ್ ಓದುವಾಗ ಇದು ಗೊತ್ತಾದ ದಿನ ನನಗೆ ಸ್ವಲ್ಪ ತಲೆ ತಿರುಗಿತ್ತು.

ಆಟ ಬದಲಾದ ವರ್ಷಗಳು

- 1969: ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ವಿಲಾರ್ಡ್ ಬಾಯ್ಲ್, ಜಾರ್ಜ್ ಸ್ಮಿತ್ ಸಿಸಿಡಿ ಸೆನ್ಸರ್ ಕಲ್ಪಿಸಿದರು. 2009ರಲ್ಲಿ ಭೌತಶಾಸ್ತ್ರದ ನೊಬೆಲ್ ಹಂಚಿಕೊಂಡರು.
- 1975: ಕೊಡಕ್‌ನ ಯುವ ಎಂಜಿನಿಯರ್ ಸ್ಟೀವ್ ಸ್ಯಾಸನ್ ಡಿಜಿಟಲ್ ಕ್ಯಾಮೆರಾ ಜೋಡಿಸಿದರು. 0.01 ಮೆಗಾಪಿಕ್ಸೆಲ್, ಕಪ್ಪುಬಿಳುಪು. ಒಂದು ಚಿತ್ರ ಕ್ಯಾಸೆಟ್ ಟೇಪಿಗೆ ಇಳಿಯಲು 23 ಸೆಕೆಂಡು.
- 1991: ನಿಕಾನ್ ಎಫ್3 ಕ್ಯಾಮೆರಾಕ್ಕೆ ಸೆನ್ಸರ್ ಜೋಡಿಸಿ ಕೊಡಕ್ ವೃತ್ತಿಪರರಿಗೆ ಮಾರಿತು. 1.3 ಮೆಗಾಪಿಕ್ಸೆಲ್, ಬೆಲೆ ಸುಮಾರು 20,000 ಡಾಲರ್.
- 1999: ನಿಕಾನ್ ಡಿ1. ಪತ್ರಿಕಾ ಫೋಟೋಗ್ರಾಫರುಗಳು ಫಿಲ್ಮ್ ಬಿಡಲು ಶುರುಮಾಡಿದ್ದು ಇಲ್ಲಿಂದ.
- 2003: ಕ್ಯಾನನ್ 300ಡಿ, ಸಾವಿರ ಡಾಲರ್‌ಗಿಂತ ಕಡಿಮೆ. ಹವ್ಯಾಸಿಗಳ ಕೈಗೂ ಡಿಜಿಟಲ್ ಎಸ್‌ಎಲ್‌ಆರ್ ಬಂತು.
- 2012: ಡಿಜಿಟಲ್ ಕ್ಯಾಮೆರಾ ಕಂಡುಹಿಡಿದ ಅದೇ ಕೊಡಕ್ ದಿವಾಳಿ ರಕ್ಷಣೆ ಕೋರಿ ಕೋರ್ಟಿಗೆ ಹೋಯಿತು.

ಈ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಹೆಸರೊಂದಿದೆ: ಹಿಂದೂಸ್ತಾನ್ ಫೋಟೋ ಫಿಲ್ಮ್ಸ್. 1960ರಲ್ಲಿ ನಮ್ಮ ಗಡಿಯಾಚೆಯ ಊಟಿಯಲ್ಲಿ ಕೇಂದ್ರ ಸರ್ಕಾರ ಕಟ್ಟಿದ ಕಾರ್ಖಾನೆ. 'ಇಂದು' ಹೆಸರಿನ ಕಪ್ಪುಬಿಳುಪು ಫಿಲ್ಮ್, ಪ್ರಿಂಟ್ ಕಾಗದ, ಎಕ್ಸ್‌ರೇ ಫಿಲ್ಮ್ ಅಲ್ಲಿಂದ ದೇಶದ ಮೂಲೆಮೂಲೆಯ ಸ್ಟುಡಿಯೋ, ಆಸ್ಪತ್ರೆಗಳಿಗೆ ಹೋಗುತ್ತಿತ್ತು. ಜನ ಕಲರ್‌ಗೆ ಹೊರಳಿದರು, ಆಮದು ಸಲೀಸಾಯಿತು, ಆಮೇಲೆ ಡಿಜಿಟಲ್ ಬಂತು. ಕಾರ್ಖಾನೆ ನಷ್ಟದಲ್ಲಿ ಮುಳುಗಿ ಬಾಗಿಲು ಹಾಕಿತು. ಇವತ್ತು ಬೆಂಗಳೂರಿನಲ್ಲಿ ನೀವು ಕೊಳ್ಳುವ ಕಲರ್ ರೀಲು ಹೊರದೇಶದಿಂದ ಬಂದದ್ದು. ಫಿಲ್ಮಿನ ಬೆಲೆ ಯಾಕೆ ಹೀಗೆ ಅನ್ನುವುದಕ್ಕೆ ಅರ್ಧ ಉತ್ತರ ಇಲ್ಲೇ ಇದೆ.

ಗುಣಮಟ್ಟ: ಈ ವಾದ ಮುಗಿದಿದೆ

ರೆಸಲ್ಯೂಷನ್ ಅಂದರೆ ವಿವರ. 35 ಎಂಎಂ ಫಿಲ್ಮಿನ ಒಂದು ಫ್ರೇಮು 24×36 ಮಿಲಿಮೀಟರ್. ಒಳ್ಳೇ ಲೆನ್ಸ್, ಒಳ್ಳೇ ಸ್ಕ್ಯಾನರ್ ಇದ್ದರೆ ಅದರಿಂದ ಬರುವ ವಿವರವನ್ನು ಇವತ್ತಿನ 24 ಮೆಗಾಪಿಕ್ಸೆಲ್ ಕ್ಯಾಮೆರಾ ಸುಲಭವಾಗಿ ಸರಿಗಟ್ಟುತ್ತೆ. ದೊಡ್ಡ ಅಳತೆಯ ಶೀಟ್ ಫಿಲ್ಮಿನ ಮಾತು ಬೇರೆ. ಅದು ಈಗಲೂ ಗಟ್ಟಿಯೇ, ಆದರೆ ಅದನ್ನು ಹೊತ್ತುಕೊಂಡು ಮೆರವಣಿಗೆಗೆ ಯಾರೂ ಹೋಗಲ್ಲ.

ಕಡಿಮೆ ಬೆಳಕಿನಲ್ಲಿ ಡಿಜಿಟಲ್ ಬಹಳ ಮುಂದೆ. ಫಿಲ್ಮಿನಲ್ಲಿ ಐಎಸ್‌ಒ 3200 ಅಂದರೆ ಅಂಚಿಗೆ ಬಂದ ಹಾಗೆ, ಕಾಳು ಕಾಳಾಗಿ ಕಾಣುತ್ತೆ. ಇವತ್ತಿನ ಕ್ಯಾಮೆರಾಗಳಲ್ಲಿ 6400 ಮಾಮೂಲಿ. ರಾತ್ರಿಯ ಯಕ್ಷಗಾನ, ಮೇಣದಬತ್ತಿ ಮೆರವಣಿಗೆ ಎರಡನ್ನೂ ಫ್ಲ್ಯಾಶ್ ಇಲ್ಲದೆ ತೆಗೆಯಬಹುದು.

ಫಿಲ್ಮ್ ಗೆಲ್ಲುವ ಒಂದು ಜಾಗ ಇದೆ. ಕಲರ್ ನೆಗೆಟಿವ್‌ಗೆ ಬೆಳಕು ಹೆಚ್ಚಾದರೂ ತಡೆದುಕೊಳ್ಳುವ ಗುಣ ಇದೆ. ಬಿಳಿ ಪಂಚೆಯ ಮೇಲೆ ಮಧ್ಯಾಹ್ನದ ಬಿಸಿಲು ಬಿದ್ದರೂ ಮಡಿಕೆಗಳು ನಿಧಾನಕ್ಕೆ ಕರಗುತ್ತವೆಯೇ ಹೊರತು ಫಕ್ಕನೆ ಮಾಯವಾಗಲ್ಲ. ಡಿಜಿಟಲ್ ಸೆನ್ಸರಿನ ಬಟ್ಟಲು ತುಂಬಿದರೆ ಮುಗಿಯಿತು, ಅಲ್ಲಿ ಬರೀ ಬಿಳಿ. ಅದಕ್ಕೇ ಡಿಜಿಟಲ್‌ನಲ್ಲಿ ಬಿಳಿ ಉಳಿಸಿಕೊಳ್ಳಲು ಸ್ವಲ್ಪ ಕತ್ತಲಾಗಿ ತೆಗೆಯುತ್ತಾರೆ, ನೆಗೆಟಿವ್ ಫಿಲ್ಮಿನಲ್ಲಿ ಸ್ವಲ್ಪ ಬೆಳಕು ಹೆಚ್ಚಿಗೇ ಕೊಡುತ್ತಾರೆ.

ಇನ್ನು 'ಫಿಲ್ಮ್ ಲುಕ್'. ಅದು ರುಚಿಯ ಪ್ರಶ್ನೆ. ಕೆಲವರಿಗೆ ಒಲೆಯ ಮೇಲಿನ ರೊಟ್ಟಿಯೇ ಬೇಕು, ವಾದ ಮಾಡಿ ಬದಲಿಸಲು ಆಗಲ್ಲ, ಬದಲಿಸಬೇಕಾಗಿಯೂ ಇಲ್ಲ.

ಖರ್ಚು: ಒಂದು ಕ್ಲಿಕ್ಕಿಗೆ ಎಷ್ಟು?

ಕಳೆದ ವರ್ಷ ನಾನು ಬೆಂಗಳೂರಿನಲ್ಲಿ ಕೊಂಡ 36 ಫ್ರೇಮಿನ ಕಲರ್ ರೀಲಿಗೆ ಸುಮಾರು 1,300 ರೂಪಾಯಿ ಆಯಿತು. ತೊಳೆಸಿ ಸ್ಕ್ಯಾನ್ ಮಾಡಿಸಿದ್ದಕ್ಕೆ ಸುಮಾರು 600. ಒಟ್ಟು 1,900. ಭಾಗಿಸಿದರೆ ಒಂದು ಕ್ಲಿಕ್ಕಿಗೆ ಹತ್ತಿರ ಹತ್ತಿರ 53 ರೂಪಾಯಿ. ಇವತ್ತಿನ ಮದುವೆಯಲ್ಲಿ ಎರಡು ಸಾವಿರ ಕ್ಲಿಕ್ ಅಂದರೆ ಏನೂ ಅಲ್ಲ. ಅದನ್ನೇ ಫಿಲ್ಮಿನಲ್ಲಿ ತೆಗೆದರೆ ಒಂದು ಲಕ್ಷ ದಾಟುತ್ತೆ, ಕೂಲಿ ಬೇರೆ.

ಡಿಜಿಟಲ್‌ನಲ್ಲಿ ಕ್ಲಿಕ್ಕಿಗೆ ದುಡ್ಡಿಲ್ಲ, ಆದರೆ ಖರ್ಚಿದೆ. ಕ್ಯಾಮೆರಾ ಹಳೆಯದಾಗುತ್ತೆ, ಕಾರ್ಡು, ಹಾರ್ಡ್‌ಡಿಸ್ಕ್, ಲ್ಯಾಪ್‌ಟಾಪ್, ತಿಂಗಳ ಬಾಡಿಗೆಯ ಸಾಫ್ಟ್‌ವೇರ್, ಕ್ಲೌಡ್. ಫಿಲ್ಮಿನಲ್ಲಿ ಖರ್ಚು ಶಟರ್ ಒತ್ತುವಾಗಲೇ ನೆನಪಾಗುತ್ತೆ. ಡಿಜಿಟಲ್‌ನಲ್ಲಿ ಅದು ಮರೆಯಲ್ಲಿದ್ದು ಆಮೇಲೆ ಬರುತ್ತೆ.

ಮಾವ ಒಮ್ಮೆ ಹೇಳಿದ್ದ: "ರೀಲಿಗೆ 36 ಮಾರಾಯ, ಜಾಗ್ರತೆಯಿಂದ ಹಾಕಿದ್ರೆ 38. ಆ ಎರಡು ನಮ್ಮ ಲಾಭ." 38ರ ಶಿಸ್ತಿನಲ್ಲಿ ಬೆಳೆದವರು ನೋಡಿ ಒತ್ತುತ್ತಾರೆ, ನಾವು ಒತ್ತಿ ಆಮೇಲೆ ನೋಡುತ್ತೇವೆ. ಹವ್ಯಾಸಿಗಳಿಗೆ ಫಿಲ್ಮ್ ಕಲಿಸುವ ದೊಡ್ಡ ಪಾಠ ಇದು. ಅದರ ಜೊತೆಗೇ, ಆ 36ರ ಮಿತಿಯಿಂದ ಯಾರ್ಯಾರ ಚಿತ್ರ ತೆಗೆಯಲೇ ಇಲ್ಲ ಅನ್ನುವುದನ್ನೂ ಕೇಳಬೇಕು. ಮಾವನ ಕಪಾಟಿನಲ್ಲಿ ಮದುವೆ ಮನೆಯ ಯಜಮಾನರು ಬೇಕಾದಷ್ಟಿದ್ದಾರೆ. ಅಡುಗೆಯವರು, ಚಪ್ಪರ ಹಾಕಿದವರು ಅಂಚಿನಲ್ಲಿ ಅರ್ಧ ಕತ್ತರಿಸಿಕೊಂಡು ನಿಂತಿದ್ದಾರೆ. ಕ್ಲಿಕ್ಕಿಗೆ ದುಡ್ಡಿದ್ದಾಗ ಕ್ಯಾಮೆರಾ ದುಡ್ಡಿದ್ದವರ ಕಡೆ ತಿರುಗುತ್ತೆ. ಡಿಜಿಟಲ್ ಮುರಿದ ದೊಡ್ಡ ಗೋಡೆ ಇದೇ. ಗೇಟಿನ ಮುಂದೆ ನನ್ನ ಗೆಳೆಯ ಹನ್ನೊಂದು ಚಿತ್ರ ತೆಗೆಯಲು ಸಾಧ್ಯವಾಗಿದ್ದೂ ಅದರಿಂದಲೇ.

ಯಾರ ಚರ್ಮಕ್ಕೆ ಅಳತೆ?

ಫಿಲ್ಮ್ ಬರೀ ರಸಾಯನಶಾಸ್ತ್ರ, ಅದಕ್ಕೆ ಪಕ್ಷಪಾತ ಎಲ್ಲಿಂದ ಅಂತ ಅನ್ನಿಸಬಹುದು. ದಶಕಗಳ ಕಾಲ ಪ್ರಿಂಟಿಂಗ್ ಲ್ಯಾಬುಗಳು ಬಣ್ಣ ಹೊಂದಿಸಲು ಕೊಡಕ್ ಕಳಿಸುತ್ತಿದ್ದ ಮಾದರಿ ಚಿತ್ರ ಬಳಸುತ್ತಿದ್ದವು. ಅದಕ್ಕೆ 'ಶರ್ಲಿ ಕಾರ್ಡ್' ಎಂಬ ಹೆಸರು. ಅದರಲ್ಲಿದ್ದದ್ದು ಬಿಳಿಯ ಮಹಿಳೆ. ಆಕೆಯ ಚರ್ಮ ಸರಿಯಾಗಿ ಬಂದರೆ ಬಣ್ಣ ಸರಿ ಅಂತ ಲೆಕ್ಕ. ಕಪ್ಪು ಚರ್ಮದವರು ಅದೇ ಫಿಲ್ಮಿನಲ್ಲಿ ಕಣ್ಣು, ಹಲ್ಲು ಮಾತ್ರ ಕಾಣುವ ನೆರಳಾಗುತ್ತಿದ್ದರು. ಈ ವಿಷಯ ಅಧ್ಯಯನ ಮಾಡಿದ ಕೆನಡಾದ ವಿದ್ವಾಂಸೆ ಲೋರ್ನಾ ರಾತ್ ದಾಖಲಿಸಿದಂತೆ, ಕಂದು ಬಣ್ಣಗಳು ಸರಿಯಾಗಿ ಬರಬೇಕು ಅಂತ ಕಂಪನಿಯ ಮೇಲೆ ಒತ್ತಡ ತಂದವರಲ್ಲಿ ಚಾಕೊಲೇಟ್ ಮತ್ತು ಮರದ ಪೀಠೋಪಕರಣ ತಯಾರಕರು ಇದ್ದರು. ಜನರ ಚರ್ಮಕ್ಕೆ ಸಿಗದ ಗಮನ ಮೇಜು ಕುರ್ಚಿಗೆ ಸಿಕ್ಕಿತು.

ನಮ್ಮಲ್ಲಿ ಈ ಕೆಲಸವನ್ನು ಸ್ಟುಡಿಯೋಗಳೇ ಮಾಡಿಕೊಂಡವು. ನೆಗೆಟಿವ್ ಮೇಲೆ ಸೂಕ್ಷ್ಮ ಪೆನ್ಸಿಲ್ ಹಿಡಿದು 'ಟಚಿಂಗ್' ಮಾಡಿದರೆ ಪ್ರಿಂಟಿನಲ್ಲಿ ಮುಖ ಬೆಳ್ಳಗಾಗುತ್ತೆ. ಗಂಡಿನ ಮನೆಗೆ ಕಳಿಸುವ ಫೋಟೋ ಅಂದರೆ ಟಚಿಂಗ್ ಕಡ್ಡಾಯ. ಇವತ್ತು ಅದೇ ಕೆಲಸವನ್ನು ಫೋನಿನ ಬ್ಯೂಟಿ ಮೋಡ್ ಕೇಳದೇ ಮಾಡುತ್ತೆ. ಪೆನ್ಸಿಲ್ ಹೋಗಿ ಕೋಡ್ ಬಂತು, ಬೆಳ್ಳಗಾಗಬೇಕು ಅನ್ನುವ ಹಟ ಹಾಗೇ ಇದೆ.

ಫಿಲ್ಮ್ ಸುಳ್ಳು ಹೇಳಲ್ಲವಾ?

ಹೇಳುತ್ತೆ, ಚೆನ್ನಾಗಿಯೇ ಹೇಳುತ್ತೆ. ಸೋವಿಯತ್ ರಹಸ್ಯ ಪೊಲೀಸ್ ಮುಖ್ಯಸ್ಥ ನಿಕೊಲಾಯ್ ಯೆಝೋವ್, ಮಾಸ್ಕೋದ ಕಾಲುವೆಯೊಂದರ ದಂಡೆಯಲ್ಲಿ ಸ್ಟಾಲಿನ್ ಪಕ್ಕ ನಿಂತ ಫೋಟೋ ಇದೆ. 1940ರಲ್ಲಿ ಅವನಿಗೆ ಮರಣದಂಡನೆಯಾಯಿತು. ಆ ಚಿತ್ರದ ಆಮೇಲಿನ ಪ್ರತಿಗಳಲ್ಲಿ ಅವನಿದ್ದ ಜಾಗದಲ್ಲಿ ಬರೀ ನೀರು. ಫೋಟೋಶಾಪ್ ಹುಟ್ಟಲು ಇನ್ನೂ ಐವತ್ತು ವರ್ಷ ಬಾಕಿಯಿತ್ತು. 1982ರ ಫೆಬ್ರುವರಿಯ ನ್ಯಾಷನಲ್ ಜಿಯಾಗ್ರಫಿಕ್ ಮುಖಪುಟಕ್ಕೆ ಹೊಂದಲಿ ಅಂತ ಗೀಜಾದ ಪಿರಮಿಡ್ಡುಗಳನ್ನೇ ಹತ್ತಿರ ಸರಿಸಿತು. ಆ ಚಿತ್ರ ತೆಗೆದದ್ದೂ ಫಿಲ್ಮಿನಲ್ಲೇ.

ಇವತ್ತು ಸ್ಕ್ರೀನಿನ ಮೇಲಿನ ಎಐ ಚಿತ್ರಕ್ಕೆ ಫಿಲ್ಮ್ ಕ್ಯಾಮೆರಾ ಹಿಡಿದು ಒತ್ತಿದರೆ ಅಪ್ಪಟ ನೆಗೆಟಿವ್ ಸಿಗುತ್ತೆ. ನೆಗೆಟಿವ್ ಇದೆ ಅನ್ನುವುದು ಸತ್ಯಕ್ಕೆ ಸಾಕಾಗಲ್ಲ.

ಹಾಗಾದರೆ ಹಳೇ ಚಿತ್ರಗಳನ್ನು ನಾವು ಯಾಕೆ ನಂಬುತ್ತೇವೆ? 1984ರ ಡಿಸೆಂಬರ್, ಭೋಪಾಲ್. ಮಣ್ಣಿನಲ್ಲಿ ಹೂಳುತ್ತಿರುವ ಮಗುವಿನ ಮುಖ, ತೆರೆದೇ ಇರುವ ಕಣ್ಣು. ಆ ಮಗುವನ್ನು ರಘು ರೈ ಕಪ್ಪುಬಿಳುಪಿನಲ್ಲಿ ತೆಗೆದರು, ಪ್ಯಾಬ್ಲೊ ಬಾರ್ಥಲೋಮ್ಯೂ ಕಲರಿನಲ್ಲಿ ತೆಗೆದರು. ಬಾರ್ಥಲೋಮ್ಯೂ ಚಿತ್ರಕ್ಕೆ ವರ್ಲ್ಡ್ ಪ್ರೆಸ್ ಫೋಟೋದ ವರ್ಷದ ಚಿತ್ರ ಪ್ರಶಸ್ತಿ ಬಂತು. ಮಗು ಯಾರದೆಂದು ಇವತ್ತಿಗೂ ಗೊತ್ತಿಲ್ಲ. ಆದರೆ ಆ ದೃಶ್ಯ ನಡೆಯಲೇ ಇಲ್ಲ ಅಂತ ಯಾರೂ ಹೇಳಲಾರರು. ಹೆಸರಿರುವ ಇಬ್ಬರು ಫೋಟೋಗ್ರಾಫರುಗಳು ಅಲ್ಲಿ ನಿಂತಿದ್ದರು, ಇಬ್ಬರ ಹತ್ತಿರವೂ ತಮ್ಮದೇ ಮೂಲ ಚಿತ್ರ ಇತ್ತು, ಇಬ್ಬರೂ ಅದಕ್ಕೆ ಉತ್ತರ ಕೊಡಲು ತಯಾರಿದ್ದರು. ನಂಬಿಕೆ ಬಂದದ್ದು ಅಲ್ಲಿಂದ.

2021ರ ಏಪ್ರಿಲ್‌ನಲ್ಲಿ ದೆಹಲಿಯ ಸ್ಮಶಾನಗಳಲ್ಲಿ ಸಾಲುಸಾಲು ಚಿತೆಗಳನ್ನು ರಾಯಿಟರ್ಸ್‌ನ ದಾನಿಶ್ ಸಿದ್ದಿಕಿ ತೆಗೆದದ್ದು ಡಿಜಿಟಲ್‌ನಲ್ಲಿ. ಸಾವಿನ ಲೆಕ್ಕದ ಬಗ್ಗೆ ಜಗಳ ನಡೆಯುತ್ತಿದ್ದ ಆ ದಿನಗಳಲ್ಲೇ ಅವು ಜಗತ್ತಿನ ಮುಂದೆ ಇದ್ದವು. ರೀಲು ತೊಳೆಸಿ ಪ್ರಿಂಟ್ ಹಾಕುವಷ್ಟು ಕಾಯುವ ಹಾಗಿರಲಿಲ್ಲ. ಅದೇ ವರ್ಷ ಜುಲೈನಲ್ಲಿ ಅಫ್ಘಾನಿಸ್ತಾನದಲ್ಲಿ ಅವರು ಹತರಾದರು. 2022ರಲ್ಲಿ ಸಹೋದ್ಯೋಗಿಗಳ ಜೊತೆ ಅವರಿಗೂ ಮರಣೋತ್ತರವಾಗಿ ಪುಲಿಟ್ಜರ್ ಬಂತು. ಆ ಚಿತ್ರಗಳನ್ನು ಜನ ನಂಬಿದ್ದು ಸೆನ್ಸರ್ ನೋಡಿ ಅಲ್ಲ.

ಡಿಜಿಟಲ್ ನೆಗೆಟಿವ್ ಅನ್ನಬಹುದಾದದ್ದು ರಾ ಫೈಲ್, ಅಂದರೆ ಸೆನ್ಸರ್ ಅಳೆದ ಅಂಕಿಗಳ ಕಚ್ಚಾ ದಾಖಲೆ. ವರ್ಲ್ಡ್ ಪ್ರೆಸ್ ಫೋಟೋ ಸ್ಪರ್ಧೆ ಕೊನೆಯ ಸುತ್ತುಗಳಿಗೆ ಬಂದವರಿಂದ ಇದನ್ನೇ ಕೇಳುತ್ತೆ. 2015ರ ಸ್ಪರ್ಧೆಯಲ್ಲಿ ಅಂತಿಮಕ್ಕೆ ಮುಂಚಿನ ಸುತ್ತಿಗೆ ಬಂದ ಚಿತ್ರಗಳಲ್ಲಿ ಶೇ 20ರಷ್ಟನ್ನು ತಿರುಚಿದ್ದಕ್ಕಾಗಿ ಕೈಬಿಡಲಾಯಿತು. ಮೂಲ ಕೇಳಿದಾಗ ಸುಳ್ಳು ಸಿಕ್ಕಿಬೀಳುತ್ತೆ ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಕಾ?

ಫೋನುಗಳ ಕತೆ ಇನ್ನೂ ಜಟಿಲ. ಒಂದು ಸಲ ಒತ್ತಿದರೆ ಹಲವು ಚಿತ್ರ ತೆಗೆದು ಹೊಲಿದು ಕೊಡುವುದು ಈಗ ಮಾಮೂಲಿ. 2023ರಲ್ಲಿ ಒಬ್ಬ ಬಳಕೆದಾರ ಬೇಕಂತಲೇ ಮಸುಕು ಮಾಡಿದ ಚಂದ್ರನ ಚಿತ್ರವನ್ನು ಸ್ಕ್ರೀನಿನ ಮೇಲೆ ಇಟ್ಟು ಸ್ಯಾಮ್‌ಸಂಗ್ ಫೋನಿನಿಂದ ತೆಗೆದರು. ಅಲ್ಲಿ ಇಲ್ಲದ ಕುಳಿಗಳು ಫೋಟೋದಲ್ಲಿ ಬಂದವು. ಚಂದ್ರ ಅಂತ ಗುರುತಿಸಿ ವಿವರ ಹೆಚ್ಚಿಸುವ ಎಐ ಇದೆ ಅಂತ ಕಂಪನಿಯೇ ವಿವರಿಸಿತು.

ಇದಕ್ಕೆ ಉದ್ಯಮ ಹುಡುಕಿಕೊಂಡ ದಾರಿ, ಕ್ಯಾಮೆರಾ ಒಳಗೇ ಫೈಲಿಗೆ ಡಿಜಿಟಲ್ ಸಹಿ ಹಾಕುವುದು. ಅಡೋಬಿ, ಬಿಬಿಸಿ, ಮೈಕ್ರೋಸಾಫ್ಟ್ ಮುಂತಾದವು ಸೇರಿ 2021ರಲ್ಲಿ ಸಿ2ಪಿಎ ಎಂಬ ಒಕ್ಕೂಟ ಕಟ್ಟಿದವು. 2023ರಲ್ಲಿ ಲೈಕಾ ಎಂ11-ಪಿ ಈ ಸಹಿಯೊಂದಿಗೆ ಬಂತು. ಆದರೆ 2025ರ ಸೆಪ್ಟೆಂಬರಿನಲ್ಲಿ ನಿಕಾನ್ ಕ್ಯಾಮೆರಾವೊಂದರಲ್ಲಿ ನಕಲಿ ಚಿತ್ರಕ್ಕೂ ಅಸಲಿ ಸಹಿ ಬೀಳುವ ದೋಷ ಬಯಲಾಗಿ, ಕಂಪನಿ ಕೊಟ್ಟಿದ್ದ ಪ್ರಮಾಣಪತ್ರಗಳನ್ನೇ ರದ್ದು ಮಾಡಬೇಕಾಯಿತು. ಯಂತ್ರದ ಸಹಿ ನೆರವಾಗುತ್ತೆ, ಆದರೆ ತೆಗೆದವರ ಜವಾಬ್ದಾರಿಯನ್ನು ಅದು ಹೊರಲ್ಲ.

ಉಳಿಯುವುದು ಯಾವುದು?

2007ರಲ್ಲಿ ಮೆಕ್ಸಿಕೊ ನಗರದಿಂದ ನ್ಯೂಯಾರ್ಕಿಗೆ ಮೂರು ಪೆಟ್ಟಿಗೆ ಬಂದವು. ಒಳಗೆ ಸುಮಾರು 4,500 ನೆಗೆಟಿವ್. ರಾಬರ್ಟ್ ಕಾಪಾ, ಗೆರ್ಡಾ ಟಾರೊ, ಡೇವಿಡ್ ಸೇಮೋರ್ ಸ್ಪೇನಿನ ಅಂತರ್ಯುದ್ಧದಲ್ಲಿ ತೆಗೆದವು. 1939ರಲ್ಲಿ ಪ್ಯಾರಿಸ್ಸಿನಿಂದ ಕಾಣೆಯಾಗಿದ್ದವು. ಸುಮಾರು ಏಳು ದಶಕ ಕರೆಂಟಿಲ್ಲದೆ, ಪಾಸ್‌ವರ್ಡಿಲ್ಲದೆ, ಬ್ಯಾಕಪ್ ಇಲ್ಲದೆ ಉಳಿದಿದ್ದವು. 1937ರಲ್ಲಿ ಯುದ್ಧಭೂಮಿಯಲ್ಲೇ ಸತ್ತ ಟಾರೊ ಎಂಬ ಯುವತಿಗೆ, ಕಾಪಾ ಹೆಸರಿನಲ್ಲಿ ಓಡಾಡುತ್ತಿದ್ದ ಕೆಲವು ಚಿತ್ರಗಳ ಕೀರ್ತಿ ಮರಳಿ ಸಿಕ್ಕಿದ್ದೂ ಆ ನೆಗೆಟಿವ್‌ಗಳಿಂದ. ಇವತ್ತಿನ ಒಂದು ಹಾರ್ಡ್‌ಡಿಸ್ಕನ್ನು ಪೆಟ್ಟಿಗೆಯಲ್ಲಿಟ್ಟು ಎಪ್ಪತ್ತು ವರ್ಷ ಮರೆತರೆ ಏನು ಸಿಗಬಹುದು, ನೀವೇ ಯೋಚಿಸಿ.

ಹಾಗಂತ ಫಿಲ್ಮ್ ಅಮರವಲ್ಲ. ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನ' 1934ರದ್ದು. ಅದರ ಒಂದು ಪ್ರತಿಯೂ ಇವತ್ತು ಉಳಿದಿಲ್ಲ. ಕಲರ್ ನೆಗೆಟಿವಿನಲ್ಲಿ ಉಳಿಯುವುದು ಬಣ್ಣ ಅಂತ ಮೊದಲೇ ಹೇಳಿದೆನಲ್ಲ, ಆ ಬಣ್ಣ ಕಾಲಕ್ರಮೇಣ ಮಾಸುತ್ತೆ. ಕಪ್ಪುಬಿಳುಪಿನ ಬೆಳ್ಳಿ ಹೆಚ್ಚು ಬಾಳುತ್ತೆ. ಹಳೇ ಅಸಿಟೇಟ್ ಫಿಲ್ಮ್ ಸೆಕೆಗೆ ಕೊಳೆತು ವಿನೆಗರ್ ವಾಸನೆ ಹೊಡೆಯುತ್ತೆ. ಮಲೆನಾಡು, ಕರಾವಳಿಯ ಮಳೆಗಾಲ ಬಂದರೆ ನೆಗೆಟಿವಿಗೂ ಲೆನ್ಸಿಗೂ ಬೂಷ್ಟು. ಮಾವನ ಕಪಾಟಿನಲ್ಲಿ ಹಗಲೂ ರಾತ್ರಿ ಒಂದು ಬಲ್ಬ್ ಉರಿಯುತ್ತಿತ್ತು, ತೇವ ಹಿಡಿಯದಿರಲಿ ಅಂತ. ಆದರೂ ಕೆಳಗಿನ ಖಾನೆಯಲ್ಲಿದ್ದ ಎಷ್ಟೋ ಕವರು ಅಂಟಿಕೊಂಡು ಹಾಳಾದವು.

ಡಿಜಿಟಲ್ ಫೈಲ್ ಸವೆಯಲ್ಲ. ನೂರನೇ ಪ್ರತಿಯೂ ಮೊದಲ ಪ್ರತಿಯಷ್ಟೇ ನಿಖರ. ಆದರೆ ಅದು ಉಳಿಯಬೇಕಾದರೆ ಯಾರಾದರೂ ಆಗಾಗ ಹೊಸ ಡಿಸ್ಕಿಗೆ ದಾಟಿಸುತ್ತಲೇ ಇರಬೇಕು. ಮರೆತ ಫಿಲ್ಮ್ ನಿಧಾನಕ್ಕೆ ಹಾಳಾಗುತ್ತೆ, ಮರೆತ ಫೈಲ್ ಒಂದು ದಿನ ಪೂರ್ತಿ ಇಲ್ಲವಾಗುತ್ತೆ.

ಕೋರ್ಟು ಏನು ಕೇಳುತ್ತೆ?

ಫಿಲ್ಮ್ ಕಾಲದಲ್ಲಿ ಫೋಟೋವನ್ನು ಸಾಕ್ಷಿಯಾಗಿ ಕೊಟ್ಟರೆ ಕೋರ್ಟುಗಳು ಸಾಮಾನ್ಯವಾಗಿ ನೆಗೆಟಿವ್ ಎಲ್ಲಿ, ತೆಗೆದವರು ಯಾರು ಅಂತ ಕೇಳುತ್ತಿದ್ದವು. ಡಿಜಿಟಲ್ ಬಂದ ಮೇಲೆ ಹಳೇ ಸಾಕ್ಷ್ಯ ಕಾಯ್ದೆಗೆ 65ಬಿ ಕಲಂ ಸೇರಿತು. ಎಲೆಕ್ಟ್ರಾನಿಕ್ ದಾಖಲೆಯ ಪ್ರತಿ ಕೊಡುವುದಾದರೆ ಅದು ಯಾವ ಸಾಧನದಿಂದ ಹೇಗೆ ಬಂತು ಅನ್ನುವ ಪ್ರಮಾಣಪತ್ರ ಬೇಕು. 2020ರ ಅರ್ಜುನ್ ಪಂಡಿತ್‌ರಾವ್ ಖೋತ್ಕರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದು ಕಡ್ಡಾಯ ಅಂದಿತು. ಮೂಲ ಸಾಧನವನ್ನೇ ಅದರ ಮಾಲೀಕರು ಕೋರ್ಟಿಗೆ ತಂದು ಸಾಕ್ಷ್ಯ ನುಡಿದರೆ ಮಾತ್ರ ಪ್ರಮಾಣಪತ್ರ ಬೇಡ ಎಂದಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಇದು 63ನೇ ಕಲಂ. ಪ್ರಮಾಣಪತ್ರದ ನಮೂನೆಯಲ್ಲಿ ಈಗ ಫೈಲಿನ ಹ್ಯಾಶ್ ಸಂಖ್ಯೆಯನ್ನೂ ಬರೆಯಬೇಕು.

ಹ್ಯಾಶ್ ಅಂದರೆ ಫೈಲಿನ ಬೆರಳಚ್ಚು. ಇಡೀ ಫೈಲನ್ನು ಲೆಕ್ಕಕ್ಕೆ ಹಾಕಿ ತೆಗೆದ ಒಂದು ಉದ್ದದ ಸಂಖ್ಯೆ. ಒಂದೇ ಒಂದು ಪಿಕ್ಸೆಲ್ ಬದಲಾದರೂ ಅದು ಪೂರ್ತಿ ಬೇರೆಯಾಗುತ್ತೆ. ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಅದು ಕುಗ್ಗುತ್ತೆ, ತೆಗೆದ ಸಮಯ, ಫೋನಿನ ಮಾದರಿ, ಜಾಗದ ಮಾಹಿತಿ ಉದುರಿಹೋಗುತ್ತೆ. ಹ್ಯಾಶ್ ಹೊಂದಲು ಸಾಧ್ಯವೇ ಇಲ್ಲ. ಫಾರ್ವರ್ಡ್ ಆದ ಪ್ರತಿಯಿಂದ ಏನೂ ಪ್ರಯೋಜನವಿಲ್ಲ ಅಂತಲ್ಲ. ಆದರೆ ಎದುರು ಪಕ್ಷದ ವಕೀಲರ ಪ್ರತಿ ಪ್ರಶ್ನೆಗೂ ಅದು ತಡವರಿಸುತ್ತೆ. ನನ್ನ ಗೆಳೆಯನಿಗೆ ಆದದ್ದು ಅದೇ.

ಹಾಗಾದರೆ ಯಾರಿಗೆ ಯಾವುದು?

*ವೃತ್ತಿಪರರಿಗೆ:* ಸುದ್ದಿ, ಮದುವೆ, ಕ್ರೀಡೆ ಅಂದರೆ ಡಿಜಿಟಲ್, ಎರಡು ಮಾತಿಲ್ಲ. ಎರಡು ಕಾರ್ಡ್ ಹಾಕುವ ಕ್ಯಾಮೆರಾ ಇದ್ದರೆ ಎರಡಕ್ಕೂ ಒಟ್ಟಿಗೆ ಬರೆಸಿ. ರಾ ಫೈಲ್ ಉಳಿಸಿ. ಕೆಲವು ವರ್ಷಗಳ ಮಟ್ಟಿಗೆ ತೆಗೆದುಕೊಳ್ಳುವ ಸಾಕ್ಷ್ಯಚಿತ್ರದಂಥ ಸ್ವಂತ ಕೆಲಸಕ್ಕೆ ಕಪ್ಪುಬಿಳುಪು ಫಿಲ್ಮ್ ಈಗಲೂ ಯೋಗ್ಯ ಆಯ್ಕೆ.

*ಹವ್ಯಾಸಿಗಳಿಗೆ:* ಕಲಿಯಲು ಅಗ್ಗದ ಹಳೇ ಡಿಜಿಟಲ್ ಕ್ಯಾಮೆರಾ ಸಾಕು. ಬೆಳಕು, ಶಟರ್, ಅಪರ್ಚರ್ ಅರ್ಥವಾದ ಮೇಲೆ ಮನೆಯ ಅಟ್ಟದಲ್ಲಿ ಅಪ್ಪನ ಕ್ಯಾಮೆರಾ ಇದ್ದರೆ ಇಳಿಸಿ, ಒಂದು ರೀಲು ಹಾಕಿ ನೋಡಿ. ಫಿಲ್ಮ್ ಸತ್ತಿಲ್ಲ. 2024ರಲ್ಲಿ ಪೆಂಟಾಕ್ಸ್ 17 ಎಂಬ ಹೊಚ್ಚಹೊಸ ಫಿಲ್ಮ್ ಕ್ಯಾಮೆರಾವೇ ಬಂತು. ಇನ್‌ಸ್ಟಾಗ್ರಾಮಿನಲ್ಲಿ ಹಾಕುವುದಕ್ಕಷ್ಟೇ ಅಂತಾದರೆ 53 ರೂಪಾಯಿ ನೆನಪಿರಲಿ. ಸ್ಕ್ಯಾನ್ ಸಿಕ್ಕಿತು ಅಂತ ನೆಗೆಟಿವನ್ನು ಲ್ಯಾಬಿನಲ್ಲೇ ಬಿಟ್ಟು ಬರಬೇಡಿ. ನೀವು ದುಡ್ಡು ಕೊಟ್ಟದ್ದು ಅದಕ್ಕೇ.

*ಕಣ್ಣಾರೆ ಕಂಡದ್ದನ್ನು ದಾಖಲಿಸುವವರಿಗೆ:* ಈ ಲೇಖನ ಬರೆದದ್ದೇ ನಿಮಗಾಗಿ.

- ಒರಿಜಿನಲ್ ಫೈಲನ್ನು ಮುಟ್ಟಬೇಡಿ. ಕ್ರಾಪ್, ಫಿಲ್ಟರ್ ಏನಿದ್ದರೂ ಪ್ರತಿಯ ಮೇಲೆ.
- ಅವತ್ತೇ ರಾತ್ರಿ ಇನ್ನೆರಡು ಕಡೆ ಇಡಿ. ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ನಿಮ್ಮ ಮನೆಯಿಂದ ಹೊರಗೆ.
- ಕಳಿಸಲೇಬೇಕಾದರೆ ವಾಟ್ಸಾಪ್‌ನಲ್ಲಿ 'ಡಾಕ್ಯುಮೆಂಟ್' ಅಂತ ಕಳಿಸಿ, ಫೈಲ್ ಇದ್ದ ಹಾಗೇ ಹೋಗುತ್ತೆ.
- ಹ್ಯಾಶ್ ತೆಗೆದು ನಿಮಗೇ ಒಂದು ಇಮೇಲ್ ಮಾಡಿಕೊಳ್ಳಿ. ಎಸ್‌ಎಚ್‌ಎ-256 ಲೆಕ್ಕ ಹಾಕುವ ಉಚಿತ ಆ್ಯಪ್‌ಗಳು ಸಿಗುತ್ತವೆ.
- ಎಲ್ಲಿ, ಯಾವಾಗ, ಅಲ್ಲಿ ಯಾರಿದ್ದರು ಅಂತ ನಾಲ್ಕು ಸಾಲು ಬರೆದಿಡಿ.
- ಸಾರ್ವಜನಿಕವಾಗಿ ಹಾಕುವ ಪ್ರತಿಯಲ್ಲಿ ಧರಣಿ ಕೂತವರ ಮುಖ ಮುಚ್ಚಿ, ಜಾಗದ ಮಾಹಿತಿ ತೆಗೆಯಿರಿ. ಮುಖ ಗುರುತಿಸುವ ಸಾಫ್ಟ್‌ವೇರ್ ಪೊಲೀಸರ ಹತ್ತಿರವೂ ಇದೆ. ನಿಮ್ಮ ಸಾಕ್ಷಿ ಇನ್ನೊಬ್ಬರ ಮೇಲಿನ ಕೇಸ್ ಆಗಬಾರದು.
- ಆ ಫೋನನ್ನು ಮಾರಬೇಡಿ, ರೀಸೆಟ್ ಮಾಡಬೇಡಿ.

ಇದಿಷ್ಟೂ ಮಾವ ಮಾಡುತ್ತಿದ್ದ ಕೆಲಸವೇ. ನಂಬರ್, ತಾರೀಖು, ಹೆಸರು, ಕವರು, ಕಪಾಟು, ಬಲ್ಬು. ಫಿಲ್ಮ್ ಆ ಶಿಸ್ತನ್ನು ಕಡ್ಡಾಯ ಮಾಡಿತ್ತು, ಯಾಕಂದರೆ ಮೂಲ ಒಂದೇ ಇತ್ತು. ಡಿಜಿಟಲ್ ಕಡ್ಡಾಯ ಮಾಡಲ್ಲ, ಹಾಗಾಗಿ ನಾವೇ ರೂಢಿ ಮಾಡಿಕೊಳ್ಳಬೇಕು.

ಗೆಳೆಯನ ಹಳೇ ಫೋನಿನ ಬ್ಯಾಕಪ್ ಒಂದು ಅವನ ತಂಗಿಯ ಲ್ಯಾಪ್‌ಟಾಪಿನಲ್ಲಿ ಸಿಕ್ಕಿತು. ಹನ್ನೊಂದರಲ್ಲಿ ನಾಲ್ಕು ಫೋಟೋ ಇದ್ದವು. ಕೈ ಮುರಿದ ಕ್ಷಣದ್ದು ಆ ನಾಲ್ಕರಲ್ಲಿ ಇಲ್ಲ. ವಕೀಲರು ನಾಲ್ಕನ್ನೂ ಪೆನ್‌ಡ್ರೈವಿಗೆ ಹಾಕಿಸಿಕೊಂಡು, ಲ್ಯಾಪ್‌ಟಾಪನ್ನು ಜೋಪಾನವಾಗಿಡಲು ಹೇಳಿ, ಅಲ್ಲಿ ಇನ್ಯಾರು ಫೋಟೋ ತೆಗೀತಿದ್ದರು ಅಂತ ಕೇಳಿದ್ದಾರೆ. ನಾವು ಈಗ ಅವರನ್ನು ಹುಡುಕುತ್ತಿದ್ದೇವೆ.